ಮಾರ್ಮನ್ ಗ್ರಂಥವನ್ನು ನಿಧಾನವಾಗಿ ಓದುವ ಬಗೆ: ಐದು ಅಧ್ಯಾಯಗಳನ್ನು ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಸಭೆ (ಮಾರ್ಮನ್ ಸಭೆ) ಬೈಬಲಿನ ಜೊತೆಗೆ ಧರ್ಮಗ್ರಂಥವೆಂದು ಒಪ್ಪುವ ಮಾರ್ಮನ್ ಗ್ರಂಥದಲ್ಲಿ 15 ಪುಸ್ತಕಗಳೂ 239 ಅಧ್ಯಾಯಗಳೂ ಇವೆ. ದಿನಕ್ಕೆ ಮೂರು ಅಧ್ಯಾಯದಂತೆ ಓದುತ್ತ ಹೋದರೆ 80 ದಿನಗಳಲ್ಲಿ ಮುಗಿಯುತ್ತದೆ. ಹಾಗೆ ಹಲವು ಸಲ ಓದಿ ಮುಗಿಸಿದವರಿಗೆ ಕಥೆ ಬಾಯಿಗೆ ಬಂದಿರುತ್ತದೆ, ಯಾರ ನಂತರ ಯಾರು ಆಳಿದರೆಂಬುದು ಗೊತ್ತಿರುತ್ತದೆ, ನೆಚ್ಚಿನ ವಚನಗಳ ಕೆಳಗೆ ಬಣ್ಣದ ಗೆರೆಗಳು ಬಿದ್ದಿರುತ್ತವೆ. ಆದರೂ ಈ ಮಾತು ಇದೇ ಜಾಗದಲ್ಲಿ, ಇದೇ ಪದಗಳಲ್ಲಿ, ಇವರಿಗೇ ಏಕೆ ಹೇಳಲ್ಪಟ್ಟಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಈ ಮಾರ್ಗದರ್ಶಿ ಆ ಪ್ರಶ್ನೆಗೆ ಉತ್ತರ ಹುಡುಕುವ ಓದಿನದು. ಚಿಕ್ಕ ಭಾಗವೊಂದನ್ನು ಆರಿಸಿಕೊಳ್ಳುವುದು, ಅದರಲ್ಲಿ ಮರುಕಳಿಸುವ ಪದವೊಂದರ ಬೆನ್ನು ಹತ್ತುವುದು, ವ್ಯಾಖ್ಯಾನಗಳನ್ನು ಆದಷ್ಟು ತಡವಾಗಿ ತೆರೆಯುವುದು ಇದರ ಕ್ರಮ. ಉದಾಹರಣೆಗೆ ಆಲ್ಮಾ ಪುಸ್ತಕದ 31ರಿಂದ 35ರವರೆಗಿನ ಅಧ್ಯಾಯಗಳನ್ನು ಆರಿಸಿಕೊಂಡಿದ್ದೇನೆ. ಬೇರೆ ಭಾಗಗಳನ್ನು ಅಲ್ಲಲ್ಲಿ ಮುಟ್ಟಿದರೂ ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಬೇಕು. 1830ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಎಂಬ ಊರಿನಲ್ಲಿ ಪ್ರಕಟವಾದ ಈ ಗ್ರಂಥವನ್ನು ಆ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಪ್ರಾಚೀನ ಚಿನ್ನದ ಫಲಕಗಳಿಂದ ದೇವರ ವರದ ಮೂಲಕ ಅನುವಾದಿಸಿದರೆಂದು ವಿಶ್ವಾಸಿಗಳು ನಂಬುತ್ತಾರೆ. ಆ ಸಭೆಯ ಹೊರಗಿನ ಇತಿಹಾಸಕಾರರು ಇದನ್ನು 19ನೇ ಶತಮಾನದ ಅಮೆರಿಕದ ಕೃತಿಯೆಂದು ಪರಿಗಣಿಸುತ್ತಾರೆ. ನೀವು ಯಾವ ಪಕ್ಷದವರಾದರೂ ಪುಟದ ಮೇಲಿರುವ ಪದಗಳು ಅವೇ. ಬೆಂಗಳೂರಿಗೆ ಈ ಸಭೆಯ ದೇವಾಲಯವೊಂದನ್ನು 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮಾನವಾದ ಸಮಾರಂಭವನ್ನು ನಡೆಸಿದ ಮೇಲೆ, ಈ ಗ್ರಂಥದಲ್ಲಿ ನಿಜಕ್ಕೂ ಏನಿದೆಯೆಂದು ಕೇಳುವ ಕನ್ನಡಿಗರೂ ಇದ್ದಾರೆ. ಅವರಿಗೂ ಈ ಕ್ರಮ ಒದಗುತ್ತದೆ.

ಪ್ರತಿಯನ್ನು ಸಿದ್ಧಮಾಡಿಕೊಳ್ಳುವುದು

ಮೊದಲ ಕೆಲಸ ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಯಾವುದು ಮೂಲ, ಯಾವುದು ನಂತರ ಸೇರಿದ್ದು ಎಂದು ಬೇರ್ಪಡಿಸುವುದು. ಗ್ರಂಥವನ್ನು ಸ್ಮಿತ್ ಬಾಯಲ್ಲಿ ಹೇಳಿ ಬರೆಸಿದರು. ಅದರ ಬಹುಭಾಗವನ್ನು 1829ರ ಏಪ್ರಿಲ್‌ನಿಂದ ಜೂನ್‌ವರೆಗೆ ಆಲಿವರ್ ಕೌಡ್ರಿ ಬರೆದುಕೊಂಡರು. ಹಸ್ತಪ್ರತಿಯಲ್ಲಿ ವಿರಾಮಚಿಹ್ನೆಗಳು ಇರಲಿಲ್ಲವೆಂದೇ ಹೇಳಬಹುದು. ಅವುಗಳಲ್ಲಿ ಹೆಚ್ಚಿನವನ್ನು ಹಾಕಿದವನು ಗ್ರಾಂಡಿನ್ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಜಾನ್ ಗಿಲ್ಬರ್ಟ್. ಮೊದಲ ಮುದ್ರಣದಲ್ಲಿ ವಚನ ಸಂಖ್ಯೆಗಳೂ ಇರಲಿಲ್ಲ, ಅಧ್ಯಾಯಗಳು ಇಂದಿನವುಗಳಿಗಿಂತ ಬಹಳ ಉದ್ದವಾಗಿದ್ದವು. ಇಂದಿನ ಅಧ್ಯಾಯ ಮತ್ತು ವಚನಗಳ ವಿಂಗಡಣೆ 1879ರಲ್ಲಿ ಆರ್ಸನ್ ಪ್ರಾಟ್ ಮಾಡಿದ್ದು. ಪ್ರತಿ ಅಧ್ಯಾಯದ ತಲೆಯ ಮೇಲಿರುವ ಸಾರಾಂಶವೂ ಅಡಿಟಿಪ್ಪಣಿಗಳೂ ಇನ್ನೂ ಈಚಿನವು.

ಆದ್ದರಿಂದ ಒಂದು ಹಾಳೆಯಿಂದ ಅಧ್ಯಾಯದ ಸಾರಾಂಶವನ್ನು ಮುಚ್ಚಿಟ್ಟು ಓದಿ. ಇದು ಕ್ಷುಲ್ಲಕ ಸಲಹೆಯಂತೆ ಕಾಣಬಹುದು, ಆದರೆ ಸಾರಾಂಶವನ್ನು ಮೊದಲು ಓದಿದ ಕಣ್ಣು ಮುಂದಿನ ಪುಟಗಳಲ್ಲಿ ಅದು ಹೇಳಿದ್ದನ್ನಷ್ಟೇ ಕಾಣುತ್ತದೆ. ಎಲ್ಲ ಶೀರ್ಷಿಕೆಗಳೂ ಹೀಗೆ ಹೊರಗಿನವಲ್ಲ ಎಂಬುದನ್ನೂ ನೆನಪಿಡಬೇಕು: ಮೊದಲ ಪುಸ್ತಕವಾದ ಒಂದನೇ ನೀಫೈನ ಆರಂಭದಲ್ಲಿರುವಂಥ ಕೆಲವು ಪೀಠಿಕೆಗಳು ಗ್ರಂಥದ ಪಠ್ಯಕ್ಕೇ ಸೇರಿದವು. ಸಾಧ್ಯವಿದ್ದರೆ ನೀವು ಆರಿಸಿಕೊಂಡ ಭಾಗವನ್ನು ವಚನ ಸಂಖ್ಯೆಗಳಿಲ್ಲದೆ, ಅಂಚು ಅಗಲವಾಗಿ ಬಿಟ್ಟು ಮುದ್ರಿಸಿಕೊಳ್ಳಿ. ದುಬಾರಿ ಅಧ್ಯಯನ ಆವೃತ್ತಿಗಿಂತ ಆ ಹತ್ತು ಹನ್ನೆರಡು ಹಾಳೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಗಡಿಯನ್ನು ಗುರುತಿಸುವುದು

ಈ ಗ್ರಂಥದ ಓದುಗರಲ್ಲಿ ಆಲ್ಮಾ 32ನೇ ಅಧ್ಯಾಯವನ್ನು ಅರಿಯದವರು ಕಡಿಮೆ. ಎದೆಯಲ್ಲಿ ನೆಟ್ಟ ಬೀಜ ಮೊಳೆತು ಮರವಾಗುವ ಹೋಲಿಕೆ ಇರುವುದು ಅಲ್ಲಿ. ಆದರೆ 1830ರ ಮುದ್ರಣದಲ್ಲಿ ಅದು ಪ್ರತ್ಯೇಕ ಅಧ್ಯಾಯವಾಗಿರಲಿಲ್ಲ. ಇಂದಿನ 30ರಿಂದ 35ರವರೆಗಿನ ಆರು ಅಧ್ಯಾಯಗಳು ಸೇರಿ ಅಲ್ಲಿ ಒಂದೇ ಅಧ್ಯಾಯ. 33ನೇ ಅಧ್ಯಾಯದ ಮೊದಲ ವಚನವನ್ನು ನೋಡಿದರೆ ಇದರ ಮಹತ್ವ ತಿಳಿಯುತ್ತದೆ: ಬೀಜವನ್ನು ಹೇಗೆ ನೆಡಬೇಕು, ಒಬ್ಬ ದೇವರನ್ನು ನಂಬಬೇಕೇ ಎಂದು ಕೇಳುಗರು ಪ್ರಶ್ನೆ ಹಾಕುತ್ತಾರೆ. ಅಂದರೆ 32ರ ಕೊನೆಯಲ್ಲಿ ಪ್ರವಾದಿ ಆಲ್ಮಾನ ಪ್ರವಚನ ಮುಗಿದಿಲ್ಲ. ಅಲ್ಲಿಗೇ ಪುಸ್ತಕ ಮುಚ್ಚಿದವನು ಪ್ರಶ್ನೆಯನ್ನೂ ಕೇಳಿಸಿಕೊಂಡಿಲ್ಲ, ಉತ್ತರವನ್ನೂ ಕೇಳಿಸಿಕೊಂಡಿಲ್ಲ.

ಹಾಗಾದರೆ ಗಡಿಯನ್ನು ಎಲ್ಲಿ ಹಾಕಿಕೊಳ್ಳಬೇಕು? ಸ್ಥಳ ಬದಲಾಗುವಲ್ಲಿ, ಹೊಸ ಪಾತ್ರಗಳು ಬರುವಲ್ಲಿ, ಒಂದು ಜನಸಮೂಹದ ಕಥೆ ತೆರೆದುಕೊಳ್ಳುವಲ್ಲಿ ಮತ್ತು ಅದು ಮುಚ್ಚಿಕೊಳ್ಳುವಲ್ಲಿ. ಆಲ್ಮಾ ಉಪದೇಶಿಸಲು ಹೋದ ಜೋರಮೈಟ್ ಎಂಬ ಜನರ ಕಥೆ 31ರಲ್ಲಿ ಆರಂಭವಾಗಿ 35ರಲ್ಲಿ ಒಂದು ನಿಲುಗಡೆಗೆ ಬರುತ್ತದೆ. ಒಟ್ಟು 161 ವಚನಗಳು. ಇವನ್ನು ಒಂದೇ ಕೂರಿಕೆಯಲ್ಲಿ ಗಟ್ಟಿಯಾಗಿ ಓದಿ. ಮುಕ್ಕಾಲು ಗಂಟೆಯಾದರೂ ಬೇಕಾಗುತ್ತದೆ. ಬಾಯಿಂದ ಹೊರಟು ಒಬ್ಬರ ಕೈಯಿಂದ ಕಾಗದಕ್ಕೆ ಇಳಿದ ಪಠ್ಯವಿದು, ಕಣ್ಣು ಜಾರಿಸಿಬಿಡುವ ಪುನರಾವೃತ್ತಿಗಳು ಕಿವಿಗೆ ತಪ್ಪುವುದಿಲ್ಲ. ಗಮಕವಾಚನ ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಯಾರ ಮಾತು, ಯಾರಿಗೆ

ಎರಡನೆಯ ಓದಿನಲ್ಲಿ ಅಂಚಿನಲ್ಲಿ ಹೆಸರುಗಳನ್ನಷ್ಟೇ ಬರೆಯಿರಿ: ಇಲ್ಲಿ ಮಾತಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು. ಈ ಗ್ರಂಥಕ್ಕೆ ಈ ಹೆಜ್ಜೆ ಬಹಳ ಮುಖ್ಯ, ಏಕೆಂದರೆ ಇದರ ಬಹುಭಾಗವನ್ನು ಮಾರ್ಮನ್ ಎಂಬ ಸಂಕಲನಕಾರ ಹಳೆಯ ದಾಖಲೆಗಳಿಂದ ಸಂಗ್ರಹಿಸಿದನೆಂದು ಗ್ರಂಥವೇ ಹೇಳಿಕೊಳ್ಳುತ್ತದೆ. ಅವನು ಆಗಾಗ ಕಥೆಯ ನಡುವೆ ಬಂದು ‘ಹೀಗೆ ನಾವು ಕಾಣುತ್ತೇವೆ’ ಎಂದು ತನ್ನ ತೀರ್ಮಾನವನ್ನು ಸೇರಿಸುತ್ತಾನೆ. ಆ ಪದಗುಚ್ಛ ಕಂಡಲ್ಲೆಲ್ಲ ನಿಂತು, ಅವನ ತೀರ್ಮಾನವೂ ಅದುವರೆಗೆ ಬಂದ ಕಥೆಯೂ ನಿಜಕ್ಕೂ ಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ ಒಂದನೇ ನೀಫೈನಿಂದ ಓಮ್ನಿಯವರೆಗಿನ ಮೊದಲ ಆರು ಪುಸ್ತಕಗಳು ಬರೆದವರ ಸ್ವಂತ ಮಾತುಗಳು, ಉತ್ತಮ ಪುರುಷದಲ್ಲಿವೆ.

ನಮ್ಮ ಐದು ಅಧ್ಯಾಯಗಳಲ್ಲಿ ಮಾತು ಪದರ ಪದರವಾಗಿ ಕುಳಿತಿದೆ. ಮಾರ್ಮನ್ ಹೇಳುವ ಕಥೆಯೊಳಗೆ ಆಲ್ಮಾ ಪ್ರವಚನ ಮಾಡುತ್ತಾನೆ. ಆ ಪ್ರವಚನದೊಳಗೆ ಜೀನಸ್ ಎಂಬ ಪ್ರವಾದಿಯ ಪ್ರಾರ್ಥನೆ ಉಲ್ಲೇಖಗೊಳ್ಳುತ್ತದೆ. ನಂತರ ಸಂಗಡಿಗ ಅಮ್ಯುಲೆಕ್ ಎದ್ದು ಆಲ್ಮಾನ ಮಾತನ್ನು ಮುಂದುವರಿಸುತ್ತಾನೆ. ಕೇಳುಗರೂ ಒಂದೇ ಗುಂಪಲ್ಲ. 32ನೇ ಅಧ್ಯಾಯದಲ್ಲಿ ಆಲ್ಮಾ ಒನೈಡಾ ಗುಡ್ಡದ ಮೇಲೆ ಮಾತಾಡುತ್ತಿರುವಾಗ ಬಡವರ ದೊಡ್ಡ ಗುಂಪೊಂದು ಬರುತ್ತದೆ, ಅವನು ತಾನು ಮಾತಾಡುತ್ತಿದ್ದವರಿಗೆ ಬೆನ್ನು ತಿರುಗಿಸಿ ಇವರ ಕಡೆಗೆ ಮುಖ ಮಾಡುತ್ತಾನೆ. ಬೀಜದ ಹೋಲಿಕೆಯನ್ನು ಕೇಳಿದವರು ಒರಟು ಬಟ್ಟೆಯ ಕಾರಣಕ್ಕೆ ಸಭಾಮಂದಿರದಿಂದ ಹೊರಗೆ ಹಾಕಲ್ಪಟ್ಟವರು, ಅದೂ ತಾವೇ ಕೈಯಾರೆ ದುಡಿದು ಕಟ್ಟಿದ ಸಭಾಮಂದಿರದಿಂದ. ಈ ಸಂದರ್ಭವನ್ನು ಬಿಟ್ಟು ಆ ಹೋಲಿಕೆಯನ್ನು ನಂಬಿಕೆಯ ಕುರಿತ ಸಾಮಾನ್ಯ ಉಪದೇಶವೆಂದು ಓದುವುದು ವಾಡಿಕೆಯಾಗಿಬಿಟ್ಟಿದೆ. ಅದರಿಂದ ಆಗುವ ನಷ್ಟವೇನು ಎಂಬುದು ಮುಂದಿನ ಹೆಜ್ಜೆಯಲ್ಲಿ ತಿಳಿಯುತ್ತದೆ.

ಒಂದು ಪದದ ಬೆನ್ನು ಹತ್ತುವುದು

ಮೂರನೆಯ ಓದಿಗೆ ಒಂದೇ ಬಣ್ಣದ ಪೆನ್ಸಿಲ್ ಸಾಕು. ಎರಡು ಸಲಕ್ಕಿಂತ ಹೆಚ್ಚು ಬರುವ, ಸ್ವಲ್ಪವಾದರೂ ಭಾರವಿರುವ ಒಂದು ಪದವನ್ನು ಹಿಡಿದು ಅದು ಬಂದಲ್ಲೆಲ್ಲ ಗುರುತು ಹಾಕಿ. ಹುಡುಕು ಗುಂಡಿಯನ್ನು ಒತ್ತುವ ಮೊದಲು ಕಣ್ಣಿನಿಂದಲೇ ಹುಡುಕಿ. ಯಂತ್ರ ಪಟ್ಟಿಯನ್ನು ಕೊಡುತ್ತದೆ, ಆದರೆ ಪದದ ಅಕ್ಕಪಕ್ಕದಲ್ಲಿ ಏನಿತ್ತೆಂಬುದು ನೆನಪಿನಲ್ಲಿ ಉಳಿಯುವುದು ಪುಟ ತಿರುಗಿಸಿದವರಿಗೆ.

ಈ ಭಾಗದಲ್ಲಿ ಆ ಪದ ಇಂಗ್ಲಿಷಿನ ‘ಕಾಸ್ಟ್ ಔಟ್’, ಅಂದರೆ ಹೊರಹಾಕು. 32ನೇ ಅಧ್ಯಾಯದ 2, 5, 9, 12 ಮತ್ತು 24ನೇ ವಚನಗಳಲ್ಲಿ ಹೊರಹಾಕಲ್ಪಟ್ಟವರು ಬಡವರು. 28ನೇ ವಚನಕ್ಕೆ ಬಂದಾಗ ಅದೇ ಪದ ತಿರುಗಿ ನಿಲ್ಲುತ್ತದೆ: ಬೀಜವನ್ನು ನಿಮ್ಮ ಅವಿಶ್ವಾಸದಿಂದ ಹೊರಹಾಕದಿದ್ದರೆ ಅದು ಎದೆಯೊಳಗೆ ಉಬ್ಬತೊಡಗುತ್ತದೆ ಎನ್ನುತ್ತಾನೆ ಆಲ್ಮಾ. 38ನೇ ವಚನದಲ್ಲಿ, ಪೋಷಣೆಯಿಲ್ಲದೆ ಬಾಡಿದ ಗಿಡವನ್ನು ಕಿತ್ತು ಹೊರಹಾಕುವವರು ಕೇಳುಗರೇ. ಇದುವರೆಗೆ ಹೊರಹಾಕಿಸಿಕೊಂಡವರ ಕೈಗೆ ಈಗ ಹೊರಹಾಕುವ ಅಧಿಕಾರ ಬಂದಿದೆ. ನಿಮಗೆ ಆದದ್ದನ್ನು ನೀವು ಈ ವಾಕ್ಯಕ್ಕೆ ಮಾಡಬೇಡಿ ಎಂಬ ಮಾತನ್ನು ಆಲ್ಮಾ ನೇರವಾಗಿ ಎಲ್ಲಿಯೂ ಆಡುವುದಿಲ್ಲ. ಪದದ ಬಳಕೆಯೇ ಅದನ್ನು ಹೇಳುತ್ತದೆ.

ಪದ ಅಲ್ಲಿಗೇ ನಿಲ್ಲುವುದಿಲ್ಲ. 33:10ರಲ್ಲಿ ಪ್ರವಾದಿ ಜೀನಸ್ ತಾನೂ ಹೊರಹಾಕಲ್ಪಟ್ಟು ಶತ್ರುಗಳ ತಿರಸ್ಕಾರಕ್ಕೆ ಒಳಗಾದಾಗ ದೇವರು ತನ್ನ ಮೊರೆ ಕೇಳಿದನೆಂದು ಪ್ರಾರ್ಥಿಸುತ್ತಾನೆ. ಇಷ್ಟೊಂದು ಹಳೆಯ ಪ್ರಾರ್ಥನೆಗಳಲ್ಲಿ ಆಲ್ಮಾ ಇದನ್ನೇ ಏಕೆ ಆರಿಸಿದನೆಂಬ ಪ್ರಶ್ನೆಗೆ ಈ ಒಂದು ಪದವೇ ಉತ್ತರ. 34:29ರಲ್ಲಿ ಅಮ್ಯುಲೆಕ್, ನಿರ್ಗತಿಕರಿಗೆ ಕೊಡದವರು ಅಕ್ಕಸಾಲಿಗರು ಹೊರಹಾಕುವ ಕಿಟ್ಟದಂತೆ ಎನ್ನುತ್ತಾನೆ. ಅಂದರೆ ಬಡವರಾದ ಕೇಳುಗರಿಗೂ ತಮಗಿಂತ ಬಡವರ ಕುರಿತ ಕರ್ತವ್ಯದಿಂದ ವಿನಾಯಿತಿಯಿಲ್ಲ. 34:40ರಲ್ಲಿ, ನಿಮ್ಮನ್ನು ಹೊರಹಾಕಿದವರನ್ನು ನಿಂದಿಸಬೇಡಿ ಎನ್ನುತ್ತಾನೆ. 35:6ರಲ್ಲಿ, ಈ ಮಾತುಗಳನ್ನು ಒಪ್ಪಿದವರನ್ನು ಸಭಾಮಂದಿರದಿಂದ ಮಾತ್ರವಲ್ಲ, ನಾಡಿನಿಂದಲೇ ಹೊರಹಾಕಲಾಗುತ್ತದೆ. ಕೊನೆಗೆ 35:8 ಮತ್ತು 9ರಲ್ಲಿ ಜೋರಮೈಟರ ಮುಖ್ಯಸ್ಥ, ವಲಸೆ ಬಂದವರನ್ನು ನೀವೂ ಹೊರಹಾಕಿ ಎಂದು ಜೆರ್ಷನ್ ನಾಡಿನ ಅಮ್ಮೋನನ ಜನರನ್ನು ಬೆದರಿಸುತ್ತಾನೆ. ಅವರು ಹೊರಹಾಕದೆ, ಬಂದವರನ್ನು ಬರಮಾಡಿಕೊಂಡು, ಪೋಷಿಸಿ, ಬಟ್ಟೆ ಕೊಟ್ಟು, ಭೂಮಿಯನ್ನೂ ಕೊಡುತ್ತಾರೆ.

‘ಪೋಷಿಸಿ’ ಎಂಬಲ್ಲಿ ಪೆನ್ಸಿಲ್ ನಿಲ್ಲಬೇಕು. 32:37ರಲ್ಲಿ ಮೊಳೆತ ಬೀಜವನ್ನು ಎಚ್ಚರದಿಂದ ಪೋಷಿಸೋಣ ಎಂದದ್ದೂ, 41ರಲ್ಲಿ ವಾಕ್ಯವನ್ನು ಪೋಷಿಸಿದರೆ ಮರವಾಗುತ್ತದೆ ಎಂದದ್ದೂ ಇಂಗ್ಲಿಷಿನಲ್ಲಿ ಇದೇ ಪದ. ಎದೆಯೊಳಗಿನ ಬೀಜಕ್ಕೆ ಬಳಸಿದ ಕ್ರಿಯಾಪದಗಳೆರಡೂ ಮನೆ ಕಳೆದುಕೊಂಡ ಮನುಷ್ಯರಿಗೆ ಮತ್ತೆ ಅನ್ವಯವಾಗುತ್ತವೆ, ಒಂದು ನಕಾರದಲ್ಲಿ, ಇನ್ನೊಂದು ಸಕಾರದಲ್ಲಿ. ಬೀಜದ ಹೋಲಿಕೆಯ ನಿಜವಾದ ವ್ಯಾಖ್ಯಾನ 35:9ರಲ್ಲಿದೆ, ಅದನ್ನು ಮಾಡಿದವರು ಆ ಪ್ರವಚನವನ್ನು ಕೇಳಿರದ ಜನ ಎಂಬುದು ನನ್ನ ತೀರ್ಮಾನ. ಅಮ್ಮೋನನ ಜನರೂ ಒಂದು ಕಾಲಕ್ಕೆ ನಿರಾಶ್ರಿತರೇ. ಜೆರ್ಷನ್ ಅವರಿಗೆ ಆಶ್ರಯವಾಗಿ ಸಿಕ್ಕ ನಾಡೆಂದು 27ನೇ ಅಧ್ಯಾಯ ಹೇಳುತ್ತದೆ. ಆಶ್ರಯ ಕೊಟ್ಟದ್ದಕ್ಕೆ ಅವರು ತೆತ್ತ ಬೆಲೆ ಕಡಿಮೆಯದಲ್ಲ: ಅದೇ ಸಿಟ್ಟು ಮುಂದಿನ ಯುದ್ಧಕ್ಕೆ ದಾರಿಯಾಗುತ್ತದೆ.

ಕೇಳಿ ರೂಢಿಯಾದದ್ದನ್ನು ಪಠ್ಯಕ್ಕೆ ತೋರಿಸುವುದು

ಈ ಭಾಗದಲ್ಲಿ ಬೀಜ ಎಂದರೇನು? ಬಹಳ ಮಂದಿ ‘ನಂಬಿಕೆ’ ಎನ್ನುತ್ತಾರೆ. ನಾನೂ ವರ್ಷಗಟ್ಟಲೆ ಹಾಗೆಯೇ ಹೇಳುತ್ತಿದ್ದೆ. 32:28ನ್ನು ತೆರೆದು ನೋಡಿದರೆ ಆಲ್ಮಾ ಬೀಜಕ್ಕೆ ಹೋಲಿಸುವುದು ನಂಬಿಕೆಯನ್ನಲ್ಲ, ವಾಕ್ಯವನ್ನು. 34:4ರಲ್ಲಿ ಅಮ್ಯುಲೆಕ್ ಇದನ್ನು ಇನ್ನಷ್ಟು ಖಚಿತಪಡಿಸುತ್ತಾನೆ: ವಾಕ್ಯವನ್ನು ಹೃದಯದಲ್ಲಿ ನೆಡುವಷ್ಟಾದರೂ ನಂಬಿಕೆ ನಿಮಗಿರಲಿ ಎಂಬುದು ಅವನ ಮಾತಿನ ತಾತ್ಪರ್ಯ. ನಂಬಿಕೆ ನೆಡುವ ಕ್ರಿಯೆಗೆ ಬೇಕಾದದ್ದು, ವಾಕ್ಯ ನೆಡಲ್ಪಡುವುದು. ಆ ವಾಕ್ಯ ಯಾವುದೆಂದು 33:22 ಮತ್ತು 23 ಹೇಳುತ್ತವೆ: ದೇವರ ಕುಮಾರನು ಬಂದು ತನ್ನ ಜನರನ್ನು ವಿಮೋಚಿಸುವನೆಂಬುದು. ವ್ಯತ್ಯಾಸ ಸಣ್ಣದಲ್ಲ. ನಂಬಿಕೆಯೇ ಬೀಜವಾಗಿದ್ದರೆ ನಂಬಿಕೆಯಿಲ್ಲದವನ ಕೈಯಲ್ಲಿ ನೆಡಲು ಏನೂ ಇರುವುದಿಲ್ಲ. ಬೀಜ ಹೊರಗಿನಿಂದ ಬರುವ ವಾಕ್ಯವಾದರೆ, 32:27 ಕೇಳುವಂತೆ ನಂಬಬೇಕೆಂಬ ಆಸೆ ಇದ್ದರೂ ಸಾಕು.

ಹೀಗೆ ನೀವು ‘ಎಲ್ಲರಿಗೂ ಗೊತ್ತಿರುವ’ ಅರ್ಥವನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು, ಪಠ್ಯದ ಯಾವ ಪದ ಅದನ್ನು ಬೆಂಬಲಿಸುತ್ತದೆ ಎಂದು ಪ್ರತಿ ಸಲವೂ ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಆ ಅರ್ಥ ನಿಮಗೆ ಬಂದದ್ದು ಬೇರೆಲ್ಲಿಂದಲೋ.

ಕನ್ನಡಕ್ಕೆ ತಂದು ನೋಡುವುದು

ಗ್ರಂಥವನ್ನು ಇಂಗ್ಲಿಷಿನಲ್ಲಿ ಓದುವ ಕನ್ನಡಿಗರಿಗೆ ನಾನು ಬಹುವಾಗಿ ಒತ್ತಾಯಿಸುವ ಹೆಜ್ಜೆ ಇದು: ಹತ್ತು ವಚನಗಳನ್ನಾದರೂ ನೀವೇ ಕನ್ನಡಕ್ಕೆ ತನ್ನಿ. ಅದು ಚೆನ್ನಾಗಿರಬೇಕಾಗಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ. ಅನುವಾದಿಸುವಾಗ ಎಲ್ಲಿ ಕೈ ನಿಲ್ಲುತ್ತದೆಯೋ ಅಲ್ಲಿ ಅರ್ಥ ನಿಮಗೆ ತಿಳಿದಿರಲಿಲ್ಲವೆಂದು ಗೊತ್ತಾಗುತ್ತದೆ. ಗ್ರಂಥದ ಉದ್ದುದ್ದ ವಾಕ್ಯಗಳಿಗೆ, ಹಳಗನ್ನಡ ಪದ್ಯಕ್ಕೆ ಶಾಲೆಯಲ್ಲಿ ಮಾಡುತ್ತಿದ್ದಂತೆ, ಮೊದಲು ಅನ್ವಯ ಮಾಡಿಕೊಳ್ಳಿ: ಕರ್ತೃ ಯಾರು, ಕ್ರಿಯಾಪದ ಎಲ್ಲಿದೆ, ನಡುವೆ ಸೇರಿಕೊಂಡ ವಿವರಣೆ ಯಾವುದು. ವಿರಾಮಚಿಹ್ನೆ ಹಾಕಿದವನು ಅಚ್ಚುಕೂಟದವನು ಎಂದು ನೆನಪಿದ್ದರೆ ವಾಕ್ಯವನ್ನು ಬೇರೆ ರೀತಿಯಲ್ಲಿ ಮುರಿದು ನೋಡಲು ಹಿಂಜರಿಕೆಯೂ ಆಗುವುದಿಲ್ಲ.

‘ಹೊರಹಾಕು’ ಎಂಬ ಪದವನ್ನೇ ನೋಡಿ. ಕನ್ನಡದ ಜಾಯಮಾನಕ್ಕೆ ತಕ್ಕಂತೆ ಬರೆದರೆ ಜನರನ್ನು ಹೊರದಬ್ಬುತ್ತಾರೆ, ಗಿಡವನ್ನು ಕಿತ್ತೆಸೆಯುತ್ತಾರೆ, ಕಿಟ್ಟವನ್ನು ಬಿಸಾಡುತ್ತಾರೆ. ಅನುವಾದ ಸೊಗಸಾಗುತ್ತದೆ, ಆದರೆ ಐದು ಅಧ್ಯಾಯಗಳನ್ನು ಹೊಲಿದಿರುವ ದಾರ ಕಡಿದುಹೋಗುತ್ತದೆ. ಅಧ್ಯಯನಕ್ಕಾಗಿ ಮಾಡುವ ಅನುವಾದದಲ್ಲಿ ಮೂಲದ ಒಂದು ಪದಕ್ಕೆ ಕನ್ನಡದ ಒಂದೇ ಪದವನ್ನು, ಅದು ಒರಟಾದರೂ, ಹಟದಿಂದ ಬಳಸಬೇಕು.

ನಮ್ಮ ಭಾಷೆಯಿಂದ ಸಿಗುವ ಇನ್ನೊಂದು ಲಾಭ ಮಧ್ಯಮ ಪುರುಷದ್ದು. ಗ್ರಂಥದ ಇಂಗ್ಲಿಷ್, ಹಳೆಯ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲಿನ ಶೈಲಿಯದು. ಅದರಲ್ಲಿ ಏಕವಚನದ ‘ದೌ’ ಬೇರೆ, ಬಹುವಚನದ ‘ಯೀ’ ಬೇರೆ. ಇಂದಿನ ಇಂಗ್ಲಿಷ್ ಓದುಗರಿಗೆ ಎರಡೂ ಒಂದೇ ಹಳೆಯ ಸದ್ದು, ಕನ್ನಡಿಗನಾದರೋ ಪ್ರತಿ ಸಲವೂ ‘ನೀನು’, ‘ನೀವು’ಗಳ ನಡುವೆ ಆರಿಸಲೇಬೇಕು. ಒಂದನೇ ನೀಫೈ 2:19ರಲ್ಲಿ ದೇವರು ‘ನೀಫೈ, ನೀನು ಧನ್ಯನು’ ಎಂದು ಏಕವಚನದಲ್ಲಿ ಆರಂಭಿಸಿ, 20ರಲ್ಲಿ ನನ್ನ ಆಜ್ಞೆಗಳನ್ನು ಪಾಲಿಸಿದಷ್ಟು ಕಾಲ ‘ನೀವು’ ಅಭಿವೃದ್ಧಿ ಹೊಂದುವಿರಿ ಎನ್ನುತ್ತಾನೆ, 21ರಲ್ಲಿ ಮತ್ತೆ ‘ನಿನ್ನ ಸಹೋದರರು’ ಎಂದು ಏಕವಚನಕ್ಕೆ ಮರಳುತ್ತಾನೆ. ಒಬ್ಬನೊಡನೆ ಆಡುತ್ತಿದ್ದ ಮಾತಿನಲ್ಲಿ ವಾಗ್ದಾನದ ವಾಕ್ಯ ಮಾತ್ರ ಇಡೀ ಮನೆತನಕ್ಕೆ ತೆರೆದುಕೊಳ್ಳುವಂತೆ ಕಾಣುತ್ತದೆ. ಆದರೆ ಎಚ್ಚರ ಬೇಕು: ಈ ಗ್ರಂಥದಲ್ಲಿ ಒಬ್ಬನೇ ವ್ಯಕ್ತಿಗೂ ‘ಯೀ’ ಬಳಸಿದ ಜಾಗಗಳು ಹಲವಿವೆ. ಸರ್ವನಾಮ ಒಂದು ಸುಳಿವು ಮಾತ್ರ, ಅದರ ಮೇಲೆ ಸಿದ್ಧಾಂತವನ್ನು ಕಟ್ಟಬಾರದು.

ಬೈಬಲಿನ ಜೊತೆಗಿಟ್ಟು ಓದುವುದು

ಮಾರ್ಮನ್ ಗ್ರಂಥ ಬೈಬಲಿನೊಡನೆ ನಿರಂತರ ಸಂಭಾಷಣೆಯಲ್ಲಿದೆ. ಎರಡನೇ ನೀಫೈನ 12ರಿಂದ 24ರವರೆಗಿನ ಅಧ್ಯಾಯಗಳು ಯೆಶಾಯನ 2ರಿಂದ 14ರವರೆಗಿನವು. ಮೂರನೇ ನೀಫೈನ 12ರಿಂದ 14ರವರೆಗೆ ಮತ್ತಾಯನ 5ರಿಂದ 7ರವರೆಗಿನ ಪರ್ವತಪ್ರಸಂಗವಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಆಗಿರುವುದನ್ನು ಬಿಟ್ಟು ಬೇರೆಯಾಗಿರುವುದನ್ನು ಗುರುತಿಸಿ. ಮತ್ತಾಯ 5:22ರ ಕಿಂಗ್ ಜೇಮ್ಸ್ ಪಾಠದಲ್ಲಿ ‘ಕಾರಣವಿಲ್ಲದೆ’ ಸಹೋದರನ ಮೇಲೆ ಸಿಟ್ಟುಗೊಳ್ಳುವವನು ಎಂದಿದೆ; ಮೂರನೇ ನೀಫೈ 12:22ರಲ್ಲಿ ‘ಕಾರಣವಿಲ್ಲದೆ’ ಎಂಬುದು ಇಲ್ಲ. ಒಂದು ಪದ ಹೋದೊಡನೆ ಸಿಟ್ಟಿಗೆ ಇದ್ದ ನೆಪವೂ ಹೋಗುತ್ತದೆ.

ನಮ್ಮ ಭಾಗದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ 33:19ರಿಂದ ಬರುವ ಸರ್ಪದ ಪ್ರಸಂಗ. ಅರಣ್ಯಕಾಂಡದ 21ನೇ ಅಧ್ಯಾಯದಲ್ಲಿ ಮೋಶೆ ತಾಮ್ರದ ಸರ್ಪವನ್ನು ಕಂಬಕ್ಕೆ ಏರಿಸುತ್ತಾನೆ, ಅದನ್ನು ನೋಡಿದವರು ಬದುಕುತ್ತಾರೆ. ನೋಡಲು ಒಪ್ಪದವರ ಮಾತು ಅಲ್ಲಿಲ್ಲ. ಆಲ್ಮಾ ಆ ಮಾತನ್ನು ಸೇರಿಸುತ್ತಾನೆ: ಅದು ತಮ್ಮನ್ನು ಗುಣಪಡಿಸುತ್ತದೆಂದು ನಂಬದೆ ಹಲವರು ನೋಡಲಿಲ್ಲ. ಒಂದನೇ ನೀಫೈ 17:41ರಲ್ಲಿ ಇನ್ನೊಂದು ಕಾರಣವಿದೆ: ಕೆಲಸ ತೀರ ಸುಲಭವಾಗಿದ್ದದ್ದರಿಂದಲೇ ಹಲವರು ಸತ್ತರು. ಮೂರನ್ನೂ ಒಟ್ಟಿಗೆ ಇಟ್ಟಾಗ ಆಲ್ಮಾ ಏಕೆ ಈ ಕಥೆಯನ್ನು ಬೀಜದ ಪ್ರಶ್ನೆಗೆ ಉತ್ತರವಾಗಿ ಕೊಟ್ಟನೆಂಬುದು ಅರ್ಥವಾಗುತ್ತದೆ. ದೇವರನ್ನು ಆರಾಧಿಸಲು ಕಟ್ಟಡವೇ ಬೇಕು ಎಂದುಕೊಂಡವರಿಗೆ ಅವನು ತೋರಿಸುತ್ತಿರುವುದು ಕತ್ತೆತ್ತಿ ನೋಡುವಷ್ಟು ಸುಲಭದ ಕೆಲಸವನ್ನು. 31ನೇ ಅಧ್ಯಾಯದ ರಾಮಿಯಾಂಪ್ಟಮ್ ಎಂಬ ಎತ್ತರದ ವೇದಿಕೆಯ ಮೇಲೆ ಒಮ್ಮೆಗೆ ಒಬ್ಬನಿಗೆ ಮಾತ್ರ ಜಾಗ, ವಾರಕ್ಕೊಂದೇ ದಿನ, ಎಲ್ಲರ ಬಾಯಲ್ಲೂ ಒಂದೇ ಪ್ರಾರ್ಥನೆ. ಜೀನಸ್ ಅಡವಿಯಲ್ಲಿ, ಹೊಲದಲ್ಲಿ, ಮನೆಯಲ್ಲಿ, ಕೋಣೆಯಲ್ಲಿ ಪ್ರಾರ್ಥಿಸಿದವನು.

ರಚನೆ ಮತ್ತು ಹಸ್ತಪ್ರತಿ

ಪದಗಳು ಅ, ಆ, ಇ ಎಂದು ಹೋಗಿ ಇ, ಆ, ಅ ಎಂದು ಹಿಂತಿರುಗುವ ಕನ್ನಡಿ ರಚನೆಯನ್ನು 1967ರಲ್ಲಿ ಜರ್ಮನಿಯಲ್ಲಿ ಧರ್ಮಪ್ರಚಾರಕರಾಗಿದ್ದ ಜಾನ್ ವೆಲ್ಚ್ ಈ ಗ್ರಂಥದಲ್ಲಿ ಗುರುತಿಸಿದರು. ಆಲ್ಮಾ 36 ಇದರ ಪ್ರಸಿದ್ಧ ಉದಾಹರಣೆ. ಆರಂಭಿಸುವವರು ಅಷ್ಟು ಉದ್ದದ ಅಧ್ಯಾಯಕ್ಕೆ ಹೋಗದೆ ಮೊಸಾಯ 5:10ರಿಂದ 12ರವರೆಗಿನ ಮೂರು ವಚನಗಳನ್ನು ಬಿಡಿಸಿ ನೋಡುವುದು ಲೇಸು. ಒಮ್ಮೆ ಈ ರುಚಿ ಹತ್ತಿದರೆ ಎಲ್ಲೆಡೆಯೂ ಕನ್ನಡಿಗಳೇ ಕಾಣತೊಡಗುತ್ತವೆ. ಹೊಂದದ ಪದಗಳನ್ನು ಬಿಟ್ಟು ಹೊಂದುವವನ್ನು ಮಾತ್ರ ಎತ್ತಿಕೊಂಡರೆ ಅಡುಗೆಯ ಪಟ್ಟಿಯಲ್ಲೂ ಅದನ್ನು ತೋರಿಸಬಹುದು.

ಹಸ್ತಪ್ರತಿಗಳ ವಿಷಯ ಬೇರೆ. ಮೂಲ ಹಸ್ತಪ್ರತಿಯನ್ನು 1841ರಲ್ಲಿ ಇಲಿನಾಯ್ ರಾಜ್ಯದ ‘ನಾವೂ’ ಎಂಬ ಪಟ್ಟಣದ ಕಟ್ಟಡವೊಂದರ ಮೂಲೆಗಲ್ಲಿನೊಳಗೆ ಇಟ್ಟರು. 1882ರಲ್ಲಿ ತೆಗೆದಾಗ ತೇವದಿಂದ ಬಹುಪಾಲು ಹಾಳಾಗಿತ್ತು, ಉಳಿದದ್ದು ಶೇಕಡ 28ರಷ್ಟು. ಮುದ್ರಣಾಲಯಕ್ಕಾಗಿ ಮಾಡಿದ ಪ್ರತಿ ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿದೆ, 2017ರಲ್ಲಿ ಸಭೆ ಅದನ್ನು 3.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಎರಡರ ಚಿತ್ರಗಳನ್ನೂ ಜೋಸೆಫ್ ಸ್ಮಿತ್ ದಾಖಲೆಗಳ ಯೋಜನೆ ಪ್ರಕಟಿಸಿದೆ. ಇದರಿಂದ ಓದಿಗೆ ಏನು ಪ್ರಯೋಜನ? ಒಂದನೇ ನೀಫೈ 12:18ರ ಮುದ್ರಿತ ಪಾಠದಲ್ಲಿ ದೇವರ ನ್ಯಾಯದ ‘ವಾಕ್ಯ’ ಎಂದಿದೆ. ಮೂಲ ಹಸ್ತಪ್ರತಿಯಲ್ಲಿರುವುದು ನ್ಯಾಯದ ‘ಖಡ್ಗ’. ಇಂಗ್ಲಿಷಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ನಕಲು ಮಾಡುವಾಗ ಬಿದ್ದುಹೋದದ್ದು. ಗ್ರಂಥದ ಬೇರೆಡೆಗಳಲ್ಲಿ ನ್ಯಾಯದ ಖಡ್ಗ ಹಲವು ಸಲ ಬರುವುದರಿಂದ ಹಳೆಯ ಪಾಠವೇ ಸರಿಯೆನ್ನಿಸುತ್ತದೆ.

ನುಂಗಲಾಗದ ವಚನಗಳು

ಎರಡನೇ ನೀಫೈ 5:21ರಲ್ಲಿ ನೀಫೈನ ಹಿರಿಯಣ್ಣ ಲೇಮನನ ಕಡೆಯವರ ಮೇಲೆ ಕಪ್ಪು ಚರ್ಮ ಬಂದಿತೆಂಬ ಮಾತಿದೆ. ಕಪ್ಪು ಬಣ್ಣದ ನಾವು ಅದನ್ನು ಓದಿ ಸುಮ್ಮನೆ ಮುಂದಿನ ಪುಟಕ್ಕೆ ಹೋಗುವುದು ಪ್ರಾಮಾಣಿಕ ಓದಲ್ಲ, ಅದನ್ನು ಸಮರ್ಥಿಸುವ ಆತುರವೂ ಬೇಡ. ಮೊದಲಿನ ಹೆಜ್ಜೆಗಳನ್ನೇ ಇಲ್ಲಿಯೂ ಇಡಿ. ಮಾತಾಡುತ್ತಿರುವವನು ಯಾರು? ನೀಫೈ, ಅಣ್ಣಂದಿರೊಡನೆ ಹಗೆಯಾಗಿ ಬೇರೆ ಹೋದ ತಮ್ಮ. ಅದೇ ವಿಷಯ ಮತ್ತೆಲ್ಲಿ ಬರುತ್ತದೆ? ಜೇಕಬ್ 3:5ರಿಂದ 9ರವರೆಗೆ ನೀಫೈನ ಸ್ವಂತ ತಮ್ಮನೇ ತನ್ನ ಜನರಿಗೆ, ಆ ಲೇಮನೈಟರು ನಿಮಗಿಂತ ಹೆಚ್ಚು ನೀತಿವಂತರು, ಹೆಂಡತಿ ಮಕ್ಕಳನ್ನು ಪ್ರೀತಿಸುವವರು, ಚರ್ಮದ ಬಣ್ಣಕ್ಕಾಗಿ ಅವರನ್ನು ಇನ್ನು ನಿಂದಿಸಬೇಡಿ ಎಂದು ಆಜ್ಞೆ ಮಾಡುತ್ತಾನೆ. ಎರಡನೇ ನೀಫೈ 26:33ರಲ್ಲಿ ಕರಿಯರೂ ಬಿಳಿಯರೂ ದಾಸರೂ ಸ್ವತಂತ್ರರೂ ಗಂಡಸರೂ ಹೆಂಗಸರೂ ದೇವರಿಗೆ ಒಂದೇ ಎಂದಿದೆ, ಇದನ್ನು ಬರೆದವನೂ ಅದೇ ನೀಫೈ. 30:6ರ ‘ಬಿಳಿ’ ಎಂಬ ಪದ 1840ರ ಮುದ್ರಣದಲ್ಲಿ ‘ಶುದ್ಧ’ ಎಂದಾಗಿ, ನಂತರದ ಮುದ್ರಣಗಳಲ್ಲಿ ಹಿಂದಿರುಗಿ, 1981ರಲ್ಲಿ ಮತ್ತೆ ‘ಶುದ್ಧ’ವಾಯಿತು. ಆಫ್ರಿಕಾ ಮೂಲದ ಕರಿಯರಿಗೆ ಈ ಸಭೆಯ ಯಾಜಕತ್ವ ದೊರೆತದ್ದು 1978ರಲ್ಲಿ ಎಂಬುದೂ ಈ ವಚನಗಳ ಓದಿನ ಇತಿಹಾಸಕ್ಕೆ ಸೇರಿದ್ದೇ. ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟ ಮೇಲೂ 5:21 ಮೆತ್ತಗಾಗುವುದಿಲ್ಲ. ಆದರೆ ಗ್ರಂಥ ಆ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುತ್ತಿಲ್ಲ ಎಂಬುದು ಕಾಣುತ್ತದೆ.

ಮನನ, ಪ್ರಾರ್ಥನೆ, ವಾರದ ಲೆಕ್ಕ

ವಿಶ್ವಾಸಿಗಳ ಓದಿನಲ್ಲಿ ಪ್ರಾರ್ಥನೆಗೆ ಸ್ಥಾನ ಕೊಡುವ ಪ್ರಸಿದ್ಧ ವಚನಗಳು ಮೊರೋನೈ 10:4 ಮತ್ತು 5. ಅವುಗಳಿಗೆ ಮೊದಲಿನ 3ನೇ ವಚನವನ್ನು ಬಿಟ್ಟುಬಿಡುವುದೇ ಹೆಚ್ಚು. ಆದಾಮನ ಸೃಷ್ಟಿಯಿಂದ ಇಂದಿನವರೆಗೆ ದೇವರು ಮನುಷ್ಯರಿಗೆ ಎಷ್ಟು ಕರುಣೆ ತೋರಿದನೆಂಬುದನ್ನು ನೆನೆದು ಹೃದಯದಲ್ಲಿ ಮನನ ಮಾಡಿ ಎಂದು ಅದು ಮೊದಲು ಕೇಳುತ್ತದೆ, ಬೇಡುವುದು ಆಮೇಲೆ. ಓದಿದ್ದನ್ನು ನಮ್ಮ ಬದುಕಿಗೆ ಅನ್ವಯಿಸಿಕೊಳ್ಳಬೇಕೆಂದು ಒಂದನೇ ನೀಫೈ 19:23 ಹೇಳುತ್ತದೆ. ಅದನ್ನು ಮೊದಲ ದಿನವೇ ಮಾಡಿದರೆ ಪಠ್ಯ ನಮ್ಮ ಮುಖವನ್ನಷ್ಟೇ ನಮಗೆ ತೋರಿಸುತ್ತದೆ. ಅನ್ವಯಿಸಿಕೊಳ್ಳುವ ಪುಟವನ್ನು ಹದಿನೈದು ದಿನ ಖಾಲಿ ಬಿಡಿ.

ಸಭೆಯ ಸಾಪ್ತಾಹಿಕ ಪಾಠಕ್ರಮ 2020ರಲ್ಲೂ 2024ರಲ್ಲೂ ಇಡೀ ಗ್ರಂಥವನ್ನು ಒಂದೊಂದು ವರ್ಷದಲ್ಲಿ ಮುಗಿಸಿತು; ಆ ವೇಗದಲ್ಲಿ ವಾರಕ್ಕೆ ನಾಲ್ಕೈದು ಅಧ್ಯಾಯಗಳಾಗುತ್ತವೆ. ಈ ಕ್ರಮವನ್ನು ಅದರ ಜೊತೆಗೇ ನಡೆಸಬೇಕೆಂದರೆ ವಾರದ ಪಾಠವನ್ನು ಒಂದು ಸಲ ಓದಿ ಮುಗಿಸಿ, ಅದರೊಳಗಿನ ಹತ್ತು ವಚನಗಳಿಗೆ ಉಳಿದ ದಿನಗಳನ್ನು ಕೊಡಿ. ಈ ಐದು ಅಧ್ಯಾಯಗಳಿಗಂತೂ ಮೂರು ವಾರ ಬೇಕು. ವ್ಯಾಖ್ಯಾನಗಳನ್ನು ತೆರೆಯುವುದು ಮೂರನೆಯ ವಾರದಲ್ಲಿ, ನಿಮ್ಮ ಪ್ರಶ್ನೆಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು. ಹಳೆಯ ಇಂಗ್ಲಿಷ್ ಪದಗಳಿಗೆ ನೋವಾ ವೆಬ್‌ಸ್ಟರ್ ಅವರ 1828ರ ನಿಘಂಟು ಗ್ರಂಥದ ಕಾಲಕ್ಕೆ ಹತ್ತಿರದ್ದು; ಇಂದಿನ ನಿಘಂಟಿಗಿಂತ ಅದನ್ನು ಮೊದಲು ನೋಡಿ.

ಆಲ್ಮಾನ ಭಾಗ ಮುಗಿದ ಮೇಲೆ ಜೇಕಬ್ 5ಕ್ಕೆ ಹೋಗಿ. 77 ವಚನಗಳ ಅದು ಗ್ರಂಥದಲ್ಲೇ ಅತಿ ಉದ್ದದ ಅಧ್ಯಾಯ, ಒಲೀವ್ ಮರದ ಕಥೆ, ಹೇಳಿದವನು ಅದೇ ಜೀನಸ್. ಅಲ್ಲಿ ಕೊಂಬೆಗಳನ್ನು ಬೆಂಕಿಗೆ ಹಾಕುವ ಮಾತು ಮತ್ತೆ ಮತ್ತೆ ಬರುತ್ತದೆ, ಈ ಮರವನ್ನು ಕಳೆದುಕೊಳ್ಳಲು ನನಗೆ ದುಃಖವಾಗುತ್ತದೆ ಎಂಬ ತೋಟದ ಯಜಮಾನನ ಮಾತೂ ಹಲವು ಸಲ ಎದುರಾಗುತ್ತದೆ. ಹೊರಹಾಕಲ್ಪಟ್ಟ ಮನುಷ್ಯನೊಬ್ಬ ಹೇಳಿದ ಕಥೆಯಿದು ಎಂಬುದು ಈಗ ನಿಮಗೆ ಗೊತ್ತು. ಹೊಸ ಹಾಳೆಗಳನ್ನು ಮುದ್ರಿಸಿಕೊಂಡು, ಈ ಸಲ ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ.